ಒಂಬತ್ತನೇ ನಂಬರಿನ ಬಾಡಿಗೆ ಮನೆ

2024ರ ಡಿಸೆಂಬರ್ 7ರ ರಾತ್ರಿ ಕಂಠೀರವ ಕ್ರೀಡಾಂಗಣದಿಂದ ಹೊರಬಂದವರಿಗೆ ಜಗಳವಾಡಲು ಕಾರಣವೇ ಇರಲಿಲ್ಲ. ಕೇರಳ ಬ್ಲಾಸ್ಟರ್ಸ್ ವಿರುದ್ಧ ಬೆಂಗಳೂರು ಎಫ್‌ಸಿ 4–2ರಿಂದ ಗೆದ್ದಿತ್ತು. ಎರಡು ಗೋಲು ಮುಂದಿದ್ದು, ಆ ಎರಡನ್ನೂ ಕೈಬಿಟ್ಟು, ಮತ್ತೆ ಮೇಲೆದ್ದು ಗೆದ್ದ ಪಂದ್ಯ ಅದು. ನಾಲ್ಕರಲ್ಲಿ ಮೂರು ಗೋಲು ಸುನಿಲ್ ಚೆಟ್ರಿ ಅವರವು. ವಯಸ್ಸು ನಲವತ್ತು ದಾಟಿ ನಾಲ್ಕು ತಿಂಗಳು. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಆ ವಯಸ್ಸಿಗೆ ಹ್ಯಾಟ್ರಿಕ್ ಹೊಡೆದವರು ಬೇರೆ ಯಾರೂ ಇಲ್ಲ.

ಆದರೂ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿಯುವಾಗ ನನ್ನ ಮುಂದಿದ್ದ ನೀಲಿ ಜೆರ್ಸಿಯ ಮೂವರು ಹುಡುಗರು ಜೋರಾಗಿಯೇ ಜಗಳವಾಡುತ್ತಿದ್ದರು.

‘ಇನ್ನೆಷ್ಟು ದಿನ ಮಗಾ, ಎಲ್ಲಾ ಇವರ ತಲೆ ಮೇಲೇ ಹಾಕೋದು? ಒಬ್ಬ ಒಳ್ಳೆ ಫಾರಿನ್ ಸ್ಟ್ರೈಕರ್ ತಂದ್ರೆ ಲೀಗ್ ನಮ್ದೇ.’

‘ತಂದಿಲ್ವಾ? ವರ್ಷಕ್ಕೊಬ್ಬರನ್ನ ತಂದ್ರು. ಬಂದೋರೆಲ್ಲ ಹೋದ್ರು, ಇವರೊಬ್ಬರೇ ಉಳಿದ್ರು.’

ಮೂರನೆಯವನ ದನಿ ಸಣ್ಣದು. ಅವನ ಮಾತೇ ನನ್ನೊಳಗೆ ಉಳಿದದ್ದು. ‘ಇವರು ಇರೋವರೆಗೂ ಇನ್ನೊಬ್ಬ ಹುಡುಗ ಬೆಳೆಯಲ್ಲ ಗುರು. ಇವರು ಹೋದಮೇಲೆ ಯಾರೂ ಇರಲ್ಲ.’

ಬೆಂಗಳೂರು ಎಫ್‌ಸಿ ಅಭಿಮಾನಿಗಳ ಹಲವು ವರ್ಷದ ಚರ್ಚೆ ಈ ಮೂರು ಮಾತಿನಲ್ಲಿದೆ. ಬೆನ್ನ ಮೇಲೆ ಯಾವ ಅಂಕಿ ಇದ್ದರೂ ಸರಿ, ಎದುರಾಳಿಯ ಗೋಲಿಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವನನ್ನು ಫುಟ್‌ಬಾಲ್ ಬಲ್ಲವರು ಒಂಬತ್ತನೇ ನಂಬರ್ ಎನ್ನುತ್ತಾರೆ. ಚೆಟ್ರಿ ತೊಡುವುದು ಹನ್ನೊಂದು. ಆ ಒಂಬತ್ತರ ಜಾಗ ಯಾರದು ಎಂಬುದೇ ಜಗಳ. ನಾನೂ ಅದರಲ್ಲಿ ಬಹಳ ಸಲ ಪಾಲು ತೆಗೆದುಕೊಂಡಿದ್ದೇನೆ. ಬಹುಕಾಲ ತಪ್ಪು ಪಕ್ಷದಲ್ಲಿದ್ದೆ ಎಂದು ಈಗ ಅನ್ನಿಸುತ್ತದೆ.

2013ರಲ್ಲಿ ಕ್ಲಬ್ ಹುಟ್ಟಿದಾಗ ಈ ಜಗಳ ಇರಲಿಲ್ಲ. ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನ ಪಶ್ಚಿಮದ ಸಾಲುಗಳಲ್ಲಿ ನಿಂತು ಕೂಗುತ್ತಿದ್ದ ಕೆಲವೇ ಜನ ಆಮೇಲೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಆದರು. ಆಶ್ಲೆ ವೆಸ್ಟ್‌ವುಡ್ ಕೋಚ್, ಆಸ್ಟ್ರೇಲಿಯಾದ ಶಾನ್ ರೂನಿ ಮುಂದೆ, ಇಂಗ್ಲೆಂಡಿನ ಜಾನ್ ಜಾನ್ಸನ್ ಹಿಂದೆ. ಮೊದಲ ವರ್ಷವೇ ಐ–ಲೀಗ್ ಕೈಗೆ ಬಂತು. ಆಗ ಗೆದ್ದವರೆಲ್ಲ ನಮ್ಮವರು. ಜಾನ್ಸನ್ ಐದು ವರ್ಷ ಇಲ್ಲೇ ಆಡಿದರು, ಅವರನ್ನು ಯಾರೂ ವಿದೇಶಿ ಎಂದು ಲೆಕ್ಕ ಹಾಕುತ್ತಿರಲಿಲ್ಲ.

ಕ್ಲಬ್ಬಿನ ಅತಿ ದೊಡ್ಡ ರಾತ್ರಿ ಯಾವುದು ಎಂದು ಕೇಳಿದರೆ ಹಳೆಯ ಅಭಿಮಾನಿಗಳು ಟ್ರೋಫಿ ಸಿಕ್ಕ ರಾತ್ರಿಯನ್ನು ಹೇಳುವುದಿಲ್ಲ. 2016ರ ಅಕ್ಟೋಬರ್ 19 ಎನ್ನುತ್ತಾರೆ. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಮೊದಲ ಗೋಲು ಅವರದು. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಎದ್ದ ಕಂಠೀರವದಲ್ಲಿ ಓಟದ ಟ್ರ್ಯಾಕ್ ನಡುವೆ ಬಂದು ಆಟ ದೂರವಾಗುತ್ತದೆ. ಅಂದು ಮಾತ್ರ ಆ ದೂರ ಯಾರಿಗೂ ಗೊತ್ತಾಗಲಿಲ್ಲ. ಚೆಟ್ರಿ ಎರಡು, ಹುವಾನನ್ ಒಂದು, 3–1. ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಆ ಕಪ್‌ನ ಫೈನಲ್ ತಲುಪಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಒಂದೇ ಗೋಲಿನಿಂದ ಗೆದ್ದಿತು.

ಆ ತಂಡವನ್ನು ಈಗ ಮತ್ತೆ ನೋಡಿ. ವಿದೇಶಿಯರು ನಾಲ್ವರು: ಹಿಂದೆ ಜಾನ್ಸನ್ ಮತ್ತು ಹುವಾನನ್, ನಡುವೆ ಅಲ್ವಾರೊ ರುಬಿಯೊ ಮತ್ತು ಕ್ಯಾಮರೂನ್ ವಾಟ್ಸನ್. ಮುಂದಿನ ಸಾಲಿಗೆ ಚೆಟ್ರಿ, ಸಿ.ಕೆ. ವಿನೀತ್, ಉದಾಂತ ಸಿಂಗ್. ಏಷ್ಯಾ ಮಟ್ಟದಲ್ಲಿ ನಾವು ಏರಿದ ಅತಿ ಎತ್ತರಕ್ಕೆ ವಿದೇಶಿ ಸ್ಟ್ರೈಕರ್ ಇಲ್ಲದೆಯೇ ಏರಿದ್ದೆವು. ಅಂದು ಗ್ಯಾಲರಿಯಲ್ಲಿ ಯಾರಿಗೂ ಇದು ಗಮನಿಸುವ ಸಂಗತಿ ಎನಿಸಿರಲಿಲ್ಲ, ನನಗೂ ಎನಿಸಿರಲಿಲ್ಲ.

ಮರುವರ್ಷ ಮಿಕು ಬಂದರು.

ವೆನೆಜುವೆಲಾದ ನಿಕೊಲಾಸ್ ಫೆಡೊರ್, ಎಲ್ಲರಿಗೂ ಮಿಕು. ಗೆಟಾಫೆ, ವಲೆನ್ಸಿಯಾ, ಸೆಲ್ಟಿಕ್ ಆಡಿ ಬಂದವರು. ಅಂಥವರು ಸಾಮಾನ್ಯವಾಗಿ ಕಾಲಿನ ಕಸುವು ಮುಗಿದ ಮೇಲೆ ನಮ್ಮ ಕಡೆ ಬರುತ್ತಾರೆ ಎಂಬ ಅನುಮಾನ ಎಲ್ಲರಿಗೂ ಇತ್ತು. ಮೂರ್ನಾಲ್ಕು ಪಂದ್ಯಗಳಲ್ಲಿ ಅದು ಕರಗಿತು. ಗೋಲಿಗೆ ಬೆನ್ನು ಹಾಕಿ ಡಿಫೆಂಡರನ್ನು ಒಂದು ತೋಳಿನಲ್ಲಿ ತಡೆದು, ಇನ್ನೊಂದು ಕಡೆಯಿಂದ ಓಡಿ ಬರುವವನಿಗೆ ಚೆಂಡು ಮುಟ್ಟಿಸುವ ಕೆಲಸವನ್ನು ಅಷ್ಟು ಸಲೀಸಾಗಿ ಮಾಡುವವರನ್ನು ನಾವು ಹತ್ತಿರದಿಂದ ಕಂಡಿರಲಿಲ್ಲ. ಆ ಇನ್ನೊಂದು ಕಡೆಯಿಂದ ಓಡಿ ಬರುತ್ತಿದ್ದವರು ಚೆಟ್ರಿ. ಕೋಚ್ ಆಲ್ಬರ್ಟ್ ರೋಕಾ ಕ್ಯಾಪ್ಟನ್ನನ್ನು ಎಡಬದಿಗೆ ಸರಿಸಿ ಮಧ್ಯದ ಜಾಗವನ್ನು ಮಿಕುಗೆ ಕೊಟ್ಟಿದ್ದರು. ಗ್ಯಾಲರಿ ಎರಡಾದದ್ದು ಅಲ್ಲಿ. ದೇಶಕ್ಕಾಗಿ ಮಧ್ಯದಲ್ಲಿ ನಿಂತು ಗೋಲು ಹೊಡೆಯುವವರನ್ನು ಅಂಚಿಗೆ ತಳ್ಳುವುದು ಅನ್ಯಾಯ ಎಂದು ಕೆಲವರು. ಡಿಫೆಂಡರುಗಳ ಕಣ್ಣು ಮಿಕು ಮೇಲಿರುವಾಗ ಚೆಟ್ರಿಗೆ ಸಿಗುವ ಬಿಡುವು ಬೇರೆಲ್ಲೂ ಸಿಗುವುದಿಲ್ಲ ಎಂದು ಉಳಿದವರು. ನಾನು ಎರಡನೇ ಗುಂಪಿನಲ್ಲಿದ್ದೆ.

ಲೆಕ್ಕ ನಮ್ಮ ಪರವಾಗಿತ್ತು. 2017–18ರ ಐಎಸ್‌ಎಲ್‌ನಲ್ಲಿ ಮಿಕು ಹದಿನೈದು, ಚೆಟ್ರಿ ಹದಿನಾಲ್ಕು ಗೋಲು. ಹದಿನೆಂಟು ಲೀಗ್ ಪಂದ್ಯಗಳಿಂದ ನಲವತ್ತು ಅಂಕ, ಎರಡನೇ ಸ್ಥಾನದವರಿಗಿಂತ ಎಂಟು ಹೆಚ್ಚು. ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ನಡೆದ ಸೂಪರ್ ಕಪ್ ಸೆಮಿಫೈನಲ್ ಅನ್ನು ನಮ್ಮ ಮನೆಯ ಟಿವಿ ಮುಂದೆ ನಿಂತುಕೊಂಡೇ ನೋಡಿದೆ. ಮೋಹನ್ ಬಾಗನ್ ಒಂದು ಗೋಲು ಮುಂದಿತ್ತು, ನಮ್ಮ ನಿಶು ಕುಮಾರ್ ಕೆಂಪು ಕಾರ್ಡು ಪಡೆದು ಹೊರಗೆ ಹೋಗಿದ್ದರು. ಹತ್ತೇ ಜನ ಉಳಿದ ತಂಡಕ್ಕೆ ಮಿಕು ಮೂರು ಗೋಲು ಹೊಡೆದರು, ಕೊನೆಯದನ್ನು ಚೆಟ್ರಿ ಸೇರಿಸಿದರು, 4–2. ಮೂರು ದಿನದ ನಂತರ ಈಸ್ಟ್ ಬೆಂಗಾಲ್ ವಿರುದ್ಧ ಕಪ್ ಕೂಡ ಬಂತು. ಆ ವಾರ ನನ್ನ ಮುಂದೆ ಯಾರಾದರೂ ವಿದೇಶಿ ಸ್ಟ್ರೈಕರ್ ಬೇಡ ಎಂದಿದ್ದರೆ ಅವರ ಜೊತೆ ಮಾತು ಬಿಡುತ್ತಿದ್ದೆ.

ಅದಕ್ಕೂ ಒಂದು ತಿಂಗಳ ಹಿಂದೆ, ಮಾರ್ಚ್ 17ರಂದು, ನಮ್ಮದೇ ಅಂಗಳದಲ್ಲಿ ಐಎಸ್‌ಎಲ್ ಫೈನಲ್ ಸೋತಿದ್ದೆವು. ಚೆಟ್ರಿ ಒಂಬತ್ತನೇ ನಿಮಿಷದಲ್ಲೇ ಗೋಲು ಹೊಡೆದರೂ ಚೆನ್ನೈಯಿನ್‌ನ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆ ಕೊಟ್ಟು ನಮ್ಮನ್ನು ಮುಗಿಸಿದರು. ಮಿಕು ಹೊಡೆದ ಗೋಲು ಕೊನೆಯ ಗಳಿಗೆಯಲ್ಲಿ ಬಂತು, ತಡವಾಗಿತ್ತು. ಆ ಚೆನ್ನೈಯಿನ್ ತಂಡದ ಮುಂಚೂಣಿಯಲ್ಲಿ ಆಡುತ್ತಿದ್ದವರು ಮಿಜೋರಾಂನ ಜೆಜೆ ಲಾಲ್ಪೆಖ್ಲುವಾ. ಕಪ್ಪು ಗೆದ್ದ ತಂಡ ತನ್ನ ಒಂಬತ್ತರ ಜಾಗದಲ್ಲಿ ಭಾರತದ ಹುಡುಗನನ್ನು ನಂಬಿತ್ತು. ಗೆದ್ದವರ ಬಗ್ಗೆ ಯೋಚಿಸುವ ಮನಸ್ಸು ಆ ರಾತ್ರಿ ನನಗಿರಲಿಲ್ಲ.

2019ರಲ್ಲಿ ಮುಂಬೈಯಲ್ಲಿ ಗೋವಾ ವಿರುದ್ಧ ಕೊನೆಗೂ ಐಎಸ್‌ಎಲ್ ಗೆದ್ದೆವು. ಹೆಚ್ಚುವರಿ ಸಮಯದ ಕೊನೆಯಲ್ಲಿ ದಿಮಾಸ್ ದೆಲ್ಗಾಡೊ ಎತ್ತಿದ ಕಾರ್ನರ್‌ಗೆ ತಲೆ ಕೊಟ್ಟವರು ಡಿಫೆಂಡರ್ ರಾಹುಲ್ ಭೇಕೆ. ಆ ಬೇಸಿಗೆಯಲ್ಲಿ ಮಿಕು ಹೊರಟರು. ಅಲ್ಲಿಂದ ಒಂಬತ್ತನೇ ನಂಬರಿನ ಜಾಗ ನಮ್ಮೂರಿನ ಬಾಡಿಗೆ ಮನೆಯಂತಾಯಿತು. ಹನ್ನೊಂದು ತಿಂಗಳ ಅಗ್ರಿಮೆಂಟು, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅಕ್ಕಪಕ್ಕದವರ ಹೆಸರು ತಿಳಿಯುವಷ್ಟರಲ್ಲಿ ಮತ್ತೆ ಸಾಮಾನು ಲಾರಿಗೆ.

ಸ್ಪೇನಿನ ಮ್ಯಾನುಯೆಲ್ ಒನ್ವು ಬಂದರು. ಗಾಯ, ತಡವರಿಕೆ, ಬೆಂಚು. ‘ಇವನೇನು ಸ್ಟ್ರೈಕರ್ರಾ’ ಎಂದು ಗ್ಯಾಲರಿ ತೀರ್ಪು ಕೊಟ್ಟಿತು, ಆ ಕೂಗಿನಲ್ಲಿ ನನ್ನ ದನಿಯೂ ಇತ್ತು. 2020ರ ಜನವರಿಯಲ್ಲಿ ಅವರನ್ನು ಸಾಲದ ಮೇಲೆ ಒಡಿಶಾಕ್ಕೆ ಕಳಿಸಿದರು. ಅಲ್ಲಿ ನಾಲ್ಕು ಪಂದ್ಯದಲ್ಲಿ ಏಳು ಗೋಲು! ಕಾಲು ಅದೇ, ಲೀಗ್ ಅದೇ, ನಡುವೆ ಕಳೆದದ್ದು ಕೆಲವೇ ವಾರ. ಅವರ ಜಾಗಕ್ಕೆ ಜಮೈಕಾದ ದೆಶಾರ್ನ್ ಬ್ರೌನ್ ಬಂದು ಹೋದರು. ನಾರ್ವೆಯ ಕ್ರಿಸ್ಟಿಯನ್ ಒಪ್ಸೆತ್, ಕಾಂಗೊದ ಪ್ರಿನ್ಸ್ ಇಬಾರ, ಇಂಗ್ಲೆಂಡಿನ ಕರ್ಟಿಸ್ ಮೇನ್ ಬಂದರು, ಹೋದರು. ಬ್ರೆಜಿಲ್‌ನ ಕ್ಲೇಟನ್ ಸಿಲ್ವಾ ಎರಡು ವರ್ಷ ಇದ್ದು ಚೆನ್ನಾಗಿಯೇ ಆಡಿದರು. ಅವರನ್ನು ಬಿಟ್ಟುಕೊಟ್ಟ ಮರುವರ್ಷ ಈಸ್ಟ್ ಬೆಂಗಾಲ್‌ಗೆ ಹನ್ನೆರಡು ಗೋಲು ಹೊಡೆದು ಲೀಗ್‌ನ ಅಗ್ರ ಗೋಲುಗಾರರ ಸಾಲಿನಲ್ಲಿ ನಿಂತರು.

ಸ್ಟ್ರೈಕರ್ ಎಂದರೆ ಬೆಲೆ ಕೊಟ್ಟು ತಂದು ಜೋಡಿಸುವ ಯಂತ್ರದ ಬಿಡಿಭಾಗ ಅಲ್ಲ. ಕ್ರಾಸ್ ಹಾಕುವವನು ಯಾವ ಕಾಲಿನಲ್ಲಿ ಹಾಕುತ್ತಾನೆ, ಎಷ್ಟು ತಡ ಮಾಡುತ್ತಾನೆ, ಮೊದಲನೇ ಕಂಬದ ಕಡೆಗೋ ಎರಡನೆಯದಕ್ಕೋ ಎಂಬುದನ್ನು ಮೈಗೆ ಕಲಿಸಬೇಕು. ಅದಕ್ಕೆ ಪಂದ್ಯಗಳೇ ಬೇಕು. ಸ್ಪೇನಿನ ಲೀಗ್‌ನಲ್ಲಿ ಒಂದು ಋತುವಿಗೆ ಮೂವತ್ತೆಂಟು ಪಂದ್ಯ. ನಮ್ಮಲ್ಲಿ ಮಿಕು ಬಂದ ವರ್ಷ ಹದಿನೆಂಟು, 2024–25ರಲ್ಲಿ ಇಪ್ಪತ್ತನಾಲ್ಕು. ಹೊಂದಿಕೊಳ್ಳಲು ಎಂಟು ಪಂದ್ಯ ತೆಗೆದುಕೊಂಡರೆ ಋತುವಿನ ಮೂರನೇ ಒಂದು ಭಾಗ ಮುಗಿದಿರುತ್ತದೆ.

ಒನ್ವು ಅವರ ಪಾಡು ನಮ್ಮ ಡ್ರೆಸಿಂಗ್ ರೂಮಿನಲ್ಲಿ ಯಾರಿಗಾದರೂ ಚೆನ್ನಾಗಿ ಅರ್ಥವಾಗಿದ್ದರೆ ಅದು ಚೆಟ್ರಿಗೇ ಎಂದು ನನಗೆ ಆಮೇಲೆ ಹೊಳೆಯಿತು. 2010ರಲ್ಲಿ ಚೆಟ್ರಿ ಅಮೆರಿಕದ ಕ್ಯಾನ್ಸಸ್ ಸಿಟಿ ಕ್ಲಬ್‌ಗೆ ಹೋಗಿದ್ದರು. ಅಲ್ಲಿನ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಸೇರಿದರು. ಮುಖ್ಯ ತಂಡದ ಬಾಗಿಲು ತೆರೆಯಲಿಲ್ಲ, ಬಿ ತಂಡದಲ್ಲಿ ಅಲ್ಪಸ್ವಲ್ಪ ಅವಕಾಶ. ಅಲ್ಲಿನ ಅಭಿಮಾನಿಗಳ ಪಾಲಿಗೆ ಅವರು ಬಂದು ಹೋದ ವಿದೇಶಿ ಸ್ಟ್ರೈಕರ್, ಅಷ್ಟೇ. ವಾಪಸು ಬಂದ ಆಟಗಾರನಿಗೆ ಹೊಸದಾಗಿ ಹುಟ್ಟಿದ ಬೆಂಗಳೂರಿನ ಕ್ಲಬ್ಬು ವರ್ಷದ ಲೆಕ್ಕ ಇಡದೆ ಜಾಗ ಕೊಟ್ಟಿತು, ಆ ಜಾಗದಲ್ಲಿ ಅವರು ಬೇರು ಬಿಟ್ಟರು. ಇನ್ನೂ ಹಿಂದಕ್ಕೆ ಹೋದರೆ, 2002ರಲ್ಲಿ ಹದಿಹರೆಯದ ಚೆಟ್ರಿ ಸೇರಿದ್ದು ಬ್ರೆಜಿಲ್‌ನ ಜೋಸ್ ಬರೆಟೊ ಮೆರೆಯುತ್ತಿದ್ದ ಮೋಹನ್ ಬಾಗನ್ ತಂಡವನ್ನು. ಆ ವಿದೇಶಿಯ ಪಕ್ಕದಲ್ಲೇ ಹುಡುಗನಿಗೆ ಆಡುವ ಅವಕಾಶವೂ ಸಿಕ್ಕಿತ್ತು. ವಿದೇಶಿಯಿಂದ ಕೆಟ್ಟದ್ದೇನೂ ಆಗಲಿಲ್ಲ, ಒಳ್ಳೆಯದೇ ಆಯಿತು.

ಕಂಠೀರವದಲ್ಲಿ ನನ್ನ ಪಕ್ಕ ಬಹಳ ವರ್ಷಗಳಿಂದ ಕೂರುವ ಹಿರಿಯರೊಬ್ಬರಿದ್ದಾರೆ. ಆಸ್ಟಿನ್ ಟೌನ್‌ನವರು. ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ಕಾರ್ಖಾನೆಯ ತಂಡಕ್ಕೇ ಲೆಫ್ಟ್ ಇನ್. ಮನೆಯಲ್ಲಿ ತಮಿಳು, ಮೈದಾನದಲ್ಲಿ ದಖನಿ, ನನ್ನ ಜೊತೆ ಕನ್ನಡ. ನಾನು ಅವರನ್ನು ಅಂಕಲ್ ಎನ್ನುತ್ತೇನೆ. ವಿದೇಶಿ ಆಟಗಾರರ ಮಾತು ಬಂದಾಗಲೆಲ್ಲ ಅವರು ಒಂದೇ ಪ್ರಶ್ನೆ ಕೇಳುತ್ತಾರೆ. ‘ನೋಡಪ್ಪಾ, ಕಲ್ಕತ್ತದೋರಿಗೆ ನಾವು ಯಾರು?’

ಆ ಪ್ರಶ್ನೆಯ ಹಿಂದೆ ಈ ಊರು ಅರ್ಧ ಮರೆತಿರುವ ಕಥೆ ಇದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಸೇನೆಯ ಗೋರಾ ತಂಡಗಳ ಪಾಲಾಗುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಆ ತಂಡದಲ್ಲಿದ್ದ ಅಹ್ಮದ್ ಖಾನ್ ಮತ್ತು ಧನರಾಜ್ ಕೂಡ ಇಲ್ಲಿಯವರು. ಅವರನ್ನು ಕೋಲ್ಕತ್ತದ ಈಸ್ಟ್ ಬೆಂಗಾಲ್ ಕರೆದೊಯ್ದಿತು. ಅಪ್ಪಾರಾವ್, ಸಾಲೆ, ವೆಂಕಟೇಶ್ ಜೊತೆ ಸೇರಿ ಆ ಮುಂಚೂಣಿಗೆ ಬಂಗಾಳಿಗಳು ಪಂಚಪಾಂಡವರು ಎಂದು ಹೆಸರಿಟ್ಟರು. ಐವರಲ್ಲಿ ಬಂಗಾಳದವರು ಒಬ್ಬರೂ ಇಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದಾದ ತಂಡದಲ್ಲಿ ಕೆಂಪಯ್ಯ, 1962ರ ಜಕಾರ್ತ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿ ಅರುಮೈನಾಯಗಂ. ಇಬ್ಬರೂ ಮೋಹನ್ ಬಾಗನ್‌ಗೆ ಆಡಿದವರು.

ಫಾರ್ವರ್ಡುಗಳನ್ನು ಬೆಳೆದು ದೇಶಕ್ಕೆ ಕೊಡುತ್ತಿದ್ದ ಊರು ಇದು. ಮೈದಾನ ಇದ್ದದ್ದು ಆಸ್ಟಿನ್ ಟೌನ್‌ನಲ್ಲಿ, ಮರ್ಫಿ ಟೌನ್‌ನಲ್ಲಿ, ಹಲಸೂರಿನ ಪಕ್ಕದ ಗೌತಮಪುರದಲ್ಲಿ. ಗೌತಮಪುರದಲ್ಲಿ ಇವತ್ತಿಗೂ ಅಂಬೇಡ್ಕರ್ ಮತ್ತು ಬುದ್ಧರ ಜೊತೆ ಪೆಲೆ ಪ್ರತಿಮೆ ನಿಂತಿದೆ. ‘ನಾವು ಅಲ್ಲಿಗೆ ಹೋದಾಗ ನಾವೇ ಫಾರಿನರ್ಸು’ ಎನ್ನುತ್ತಾರೆ ಅಂಕಲ್. ‘ಆದರೆ ಇಲ್ಲಿ ಮನೆ ಖಾಲಿ ಆಗಿರಲಿಲ್ಲ. ಒಬ್ಬ ಹೋದರೆ ಅದೇ ಬೀದೀಲಿ ಇನ್ನೊಬ್ಬ ಇರ್ತಿದ್ದ.’

ಅವರು ಹೇಳುವ ‘ಇನ್ನೊಬ್ಬ’ನನ್ನು ನಾವು 2022–23ರಲ್ಲಿ ಕಣ್ಣಾರೆ ಕಂಡೆವು. ತಮಿಳುನಾಡಿನ ಶಿವಶಕ್ತಿ ನಾರಾಯಣನ್, ಆಗ ಇಪ್ಪತ್ತೊಂದರ ಹುಡುಗ. ಕ್ಲಬ್ಬು ಆ ವರ್ಷ ಫಿಜಿಯ ರಾಯ್ ಕೃಷ್ಣ ಅವರನ್ನು ತಂದಿತ್ತು. ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಶಿವಶಕ್ತಿಯದು. ಐಎಸ್‌ಎಲ್ ಶುರುವಾದ ಮೇಲೆ ತಂಡ ಸೋಲಿನ ಮೇಲೆ ಸೋಲು ಕಂಡಿತು. ಆಗ ಕೋಚ್ ಸೈಮನ್ ಗ್ರೇಸನ್ ಯಾರೂ ಕೈಹಾಕದ ಕೆಲಸಕ್ಕೆ ಕೈ ಹಾಕಿದರು. ಚೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿ ಕೃಷ್ಣ ಅವರ ಪಕ್ಕ ಶಿವಶಕ್ತಿಯನ್ನು ಇಳಿಸಿದರು.

ಗ್ಯಾಲರಿಯಲ್ಲಿ ಆ ವಾರಗಳಲ್ಲಿ ಎದ್ದ ಕೋಪ ನನಗೆ ಚೆನ್ನಾಗಿ ನೆನಪಿದೆ. ದೇಶದ ಅತಿ ದೊಡ್ಡ ಗೋಲುಗಾರ ಟ್ರ್ಯಾಕ್ ಸೂಟ್ ಹಾಕಿಕೊಂಡು ಗೆರೆಯಾಚೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದರೆ ಕರುಳು ಹಿಂಡುತ್ತಿತ್ತು. ಆದರೆ ಆಟ ಬದಲಾಗಿತ್ತು. ಹುಡುಗ ಡಿಫೆಂಡರುಗಳ ಹಿಂದೆ ಜಾಗ ಹುಡುಕಿ ಓಡುತ್ತಿದ್ದ, ಕೃಷ್ಣ ಆ ಓಟವನ್ನು ಓದುತ್ತಿದ್ದರು. ಲೀಗ್‌ನ ಕೊನೆಯಲ್ಲಿ ಸತತ ಎಂಟು ಗೆಲುವು. ತಂಡ ಪ್ಲೇಆಫ್‌ಗೆ ನುಗ್ಗಿತು. ಒಬ್ಬ ವಿದೇಶಿ, ಒಬ್ಬ ಹುಡುಗ, ಅಗತ್ಯ ಬಿದ್ದಾಗ ಬೆಂಚಿನಿಂದ ಏಳುವ ಒಬ್ಬ ಹಿರಿಯ. ಹತ್ತು ವರ್ಷದಲ್ಲಿ ನಾನು ಕಂಡ ಅತ್ಯಂತ ಆರೋಗ್ಯವಾದ ಮುಂಚೂಣಿ ಅದು.

ಬೆಂಚಿನಿಂದ ಎದ್ದ ಆ ಹಿರಿಯರು ಮಾಡಿದ್ದೇನು? 2023ರ ಮಾರ್ಚ್ 3ರಂದು ಪ್ಲೇಆಫ್‌ನ ಹೆಚ್ಚುವರಿ ಸಮಯದಲ್ಲಿ ಕೇರಳದವರು ಗೋಡೆ ಕಟ್ಟಿಕೊಳ್ಳುವ ಮೊದಲೇ ಫ್ರೀಕಿಕ್ ಒದ್ದು ಗೋಲು. ಎದುರಾಳಿ ತಂಡ ಮೈದಾನ ಬಿಟ್ಟು ನಡೆಯಿತು. ಸೆಮಿಫೈನಲ್‌ನಲ್ಲಿ ಮುಂಬೈಯಲ್ಲಿ ಮತ್ತೆ ಬೆಂಚಿನಿಂದ ಬಂದು ತಲೆಯಿಂದ ಗೋಲು. ಮಾರ್ಚ್ 18ರಂದು ಗೋವಾದ ಫತೋರ್ಡಾ ಫೈನಲ್‌ನಲ್ಲಿ ಶಿವಶಕ್ತಿ ಆರಂಭದಲ್ಲೇ ಗಾಯಗೊಂಡು ಹೊರಗೆ ಬಂದಾಗ ಒಳಗೆ ಹೋದವರು ಚೆಟ್ರಿ, ಅಲ್ಲೂ ಪೆನಾಲ್ಟಿಯಿಂದ ಗೋಲು. ಕೃಷ್ಣ ಇನ್ನೊಂದು ಹೊಡೆದರು. 2–2ರ ನಂತರದ ಪೆನಾಲ್ಟಿ ಶೂಟೌಟ್‌ನಲ್ಲಿ ಎಟಿಕೆ ಮೋಹನ್ ಬಾಗನ್ ಗೆದ್ದಿತು. ಶಿವಶಕ್ತಿ ಆ ದಿನ ವಿರಾಮದವರೆಗಾದರೂ ಆಡಿದ್ದರೆ ಎಂದು ನಾನು ಇಂದಿಗೂ ಹಳಹಳಿಸುತ್ತೇನೆ. ಆ ಓಟ ಆಮೇಲೆ ಮತ್ತೆ ಅದೇ ಬಿರುಸಿನಲ್ಲಿ ಮರಳಲಿಲ್ಲ, ಕ್ಲಬ್ಬಿನ ಜಾಹೀರಾತು ಮತ್ತೆ ಹೊಸ ವಿದೇಶಿ ಹೆಸರಿನತ್ತ ತಿರುಗಿತು.

ಆ ಮಾರ್ಚ್ 3ರ ಮರುದಿನ ಇನ್ನೊಂದು ಘಟನೆ ನಡೆಯಿತು. ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಐವತ್ತನಾಲ್ಕು ವರ್ಷಗಳ ನಂತರದ ಗೆಲುವು. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರೇ ಮೈಸೂರು ಎಂದಿತ್ತು. ಸಂತೋಷ್ ಟ್ರೋಫಿಯಲ್ಲಿ ವಿದೇಶಿ ಆಟಗಾರರಿಗೆ ಪ್ರವೇಶವಿಲ್ಲ. ಹೊಡೆದ ಮೂರು ಗೋಲೂ ಈ ರಾಜ್ಯದ ಮೈದಾನಗಳಲ್ಲಿ ಆಡುವ ಹುಡುಗರದು. ಆ ವಾರವಿಡೀ ನಾನು ಹೋದಲ್ಲೆಲ್ಲ ಚರ್ಚೆ ಆ ಫ್ರೀಕಿಕ್ ಸರಿಯೋ ತಪ್ಪೋ ಎಂಬುದೇ. ರಿಯಾದ್‌ನಲ್ಲಿ ಗೋಲು ಹೊಡೆದವರ ಹೆಸರು ನನ್ನ ಸಾಲಿನಲ್ಲಿ ಕೂರುವ ಇಪ್ಪತ್ತು ಮಂದಿಯಲ್ಲಿ ಅಂಕಲ್ ಒಬ್ಬರಿಗೇ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಲೀಗ್‌ನ ದಾಖಲೆ ನೋಡಿದರೆ ಇದು ನಮ್ಮ ಕ್ಲಬ್ಬೊಂದರ ಕಥೆಯಲ್ಲ. 2014ರಲ್ಲಿ ಎಲಾನೊ ಇಂದ ಹಿಡಿದು 2024–25ರಲ್ಲಿ ಇಪ್ಪತ್ತಮೂರು ಗೋಲು ಹೊಡೆದ ಮೊರೊಕ್ಕೊದ ಅಲಾಎದ್ದೀನ್ ಅಜಾರೈವರೆಗೆ, ಐಎಸ್‌ಎಲ್‌ನ ಮೊದಲ ಹನ್ನೊಂದು ಋತುಗಳಲ್ಲೂ ಗೋಲ್ಡನ್ ಬೂಟ್ ವಿದೇಶಿಯ ಕೈಗೇ ಹೋಗಿದೆ. ಮೊದಲು ಮೈದಾನದಲ್ಲಿ ಆರು ವಿದೇಶಿಯರು ಇರಬಹುದಿತ್ತು. 2017ರಲ್ಲಿ ಐದಾಯಿತು, 2021ರಲ್ಲಿ ನಾಲ್ಕಾಯಿತು. ಸಂಖ್ಯೆ ಇಳಿದರೂ ಅವರು ನಿಲ್ಲುವ ಜಾಗ ಬದಲಾಗಲಿಲ್ಲ: ಹಿಂದೆ ಒಬ್ಬ ಸ್ಟಾಪರ್, ನಡುವೆ ಒಬ್ಬರೋ ಇಬ್ಬರೋ, ಮುಂದೆ ಒಬ್ಬ ಸ್ಟ್ರೈಕರ್. ತಂಡದ ಬೆನ್ನೆಲುಬಿಗೆ ಅವರು, ಪಕ್ಕೆಲುಬಿಗೆ ನಾವು. ಹುಡುಗ ಸ್ಟ್ರೈಕರ್ ಆಗಿ ಬಂದರೂ ಕ್ಲಬ್ಬು ಅವನನ್ನು ವಿಂಗ್‌ಗೆ ಕಳಿಸುತ್ತದೆ. ದೇಶಕ್ಕೆ ಮಧ್ಯದಲ್ಲಿ ನಿಂತು ಆಡಬೇಕಾದ ಮನ್ವೀರ್ ಸಿಂಗ್ ಮೋಹನ್ ಬಾಗನ್‌ನಲ್ಲಿ ಬಲಬದಿಯಲ್ಲಿ ಓಡುತ್ತಾರೆ. ಕೋಚ್‌ಗಳನ್ನು ದೂರುವಂತಿಲ್ಲ. ನಾಲ್ಕು ಪಂದ್ಯ ಸೋತರೆ ಮನೆಗೆ ಹೋಗಬೇಕಾದವನು ಕಲಿಯುವ ಹುಡುಗನ ಮೇಲೆ ಯಾಕೆ ಪಣ ಕಟ್ಟುತ್ತಾನೆ? ಗ್ರೇಸನ್ನರನ್ನೇ ಆ ಫೈನಲ್ ಮುಗಿದು ಒಂಬತ್ತು ತಿಂಗಳಲ್ಲಿ ಕಳಿಸಲಾಯಿತು.

ವಿದೇಶಿಯರನ್ನು ಕಡಿಮೆ ಮಾಡಿದರೆ ಭಾರತದ ಸ್ಟ್ರೈಕರ್ ತಾನಾಗಿ ಹುಟ್ಟುತ್ತಾನೆ ಎಂಬ ವಾದವನ್ನೂ ನಾನು ಒಪ್ಪಲಾರೆ. ಮಿಕು ಇಲ್ಲದಿದ್ದರೆ ಬೆನ್ನು ಅಡ್ಡ ಕೊಟ್ಟು ಚೆಂಡನ್ನು ಹೇಗೆ ಕಾಯಬೇಕೆಂದು ಇಲ್ಲಿಯ ಹುಡುಗರು ಯಾರನ್ನು ನೋಡಿ ಕಲಿಯುತ್ತಿದ್ದರು? ಐದು ವರ್ಷ ಇದ್ದ ಹುವಾನನ್, ನಾಲ್ಕು ವರ್ಷ ಇದ್ದ ದಿಮಾಸ್ ಮತ್ತು ಎರಿಕ್ ಪಾರ್ಟಾಲು ಈ ಕ್ಲಬ್ಬಿಗೆ ಕೊಟ್ಟದ್ದು ಗೆಲುವಿನ ಲೆಕ್ಕಕ್ಕಿಂತ ದೊಡ್ಡದು. ಕೊರತೆ ಬೇರೆ ಕಡೆ ಇದೆ. ಸ್ಟ್ರೈಕರನಿಗೆ ಮೊದಲ ಹತ್ತು ವರ್ಷ ಬೇಕಾದ ಪಂದ್ಯಗಳು ನಮ್ಮ ಹುಡುಗರಿಗೆ ಸಿಗುವುದಿಲ್ಲ. ಹದಿಮೂರಕ್ಕೆ, ಹದಿನೈದಕ್ಕೆ, ಹದಿನೇಳಕ್ಕೆ ವಾರವಾರವೂ ಆಡಿ, ಗೋಲಿನ ಮುಂದೆ ಸಾವಿರ ಸಲ ತಪ್ಪಿ, ಸಾವಿರದ ಒಂದನೇ ಸಲ ಕಾಲು ತಾನಾಗಿ ಸರಿಯುವ ಹಾಗಾಗಬೇಕು. ಅದು ಇಲ್ಲದೆ ಇಪ್ಪತ್ತೆರಡಕ್ಕೆ ಬಂದವನನ್ನು ಯಾವ ಕೋಚೂ ನಂಬಲಾರ.

ಚೆಟ್ರಿ ಈ ಬರವನ್ನು ಇಷ್ಟು ವರ್ಷ ಒಬ್ಬರೇ ಮುಚ್ಚಿಟ್ಟರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದಾಗ ಅವರ ಖಾತೆಯಲ್ಲಿ 94 ಗೋಲು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅವರನ್ನೇ ಕರೆಯಬೇಕಾಯಿತು. ಬಂದರು, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೆಯದನ್ನು ಹೊಡೆದರು. ಅದೇ ಋತುವಿನ ಐಎಸ್‌ಎಲ್‌ನಲ್ಲಿ ಹದಿನಾಲ್ಕು ಗೋಲು ಹೊಡೆದು ಒಟ್ಟಾರೆ ಎರಡನೆಯವರಾದರು. ತಂಡದಲ್ಲಿ ಅರ್ಜೆಂಟೀನಾದ ಹೋರ್ಹೆ ಪೆರೇರಾ ದಿಯಾಸ್, ಸ್ಪೇನಿನ ಎಡ್ಗರ್ ಮೆಂಡೆಸ್ ಇದ್ದರೂ. ಗೋವಾದಲ್ಲಿ ಸೆಮಿಫೈನಲ್ ಹೆಚ್ಚುವರಿ ಸಮಯದತ್ತ ಜಾರುತ್ತಿದ್ದಾಗ ನಮ್‌ಗ್ಯಾಲ್ ಭುಟಿಯಾ ಹಾಕಿದ ಕ್ರಾಸ್‌ಗೆ ಹಾರಿ ತಲೆ ಕೊಟ್ಟವರು ಅದೇ ನಲವತ್ತರ ಸಬ್‌ಸ್ಟಿಟ್ಯೂಟ್. ಫೈನಲ್‌ನಲ್ಲಿ ಮೋಹನ್ ಬಾಗನ್ ಮತ್ತೆ ನಮ್ಮನ್ನು ತಡೆಯಿತು, ಗೆಲುವಿನ ಗೋಲು ಆಸ್ಟ್ರೇಲಿಯಾದ ಜೇಮಿ ಮೆಕ್ಲಾರೆನ್ ಅವರದು.

ವಿದೇಶಿ, ಸ್ವದೇಶಿ ಎಂಬ ಗೆರೆಯೂ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. 2023ರಲ್ಲಿ ಬಂದ ರಯಾನ್ ವಿಲಿಯಮ್ಸ್ ಪರ್ತ್‌ನವರು, ಆಸ್ಟ್ರೇಲಿಯಾಕ್ಕೂ ಆಡಿದ್ದವರು. ಅವರ ತಾಯಿಯ ಕಡೆಯವರು ಮುಂಬೈಯ ಆಂಗ್ಲೋ ಇಂಡಿಯನ್ನರು. 2025ರ ನವೆಂಬರ್‌ನಲ್ಲಿ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದವರಾದ ಸುದ್ದಿ ಬಂತು. ಎರಡು ವರ್ಷ ‘ಫಾರಿನರ್’ ಕೋಟಾದಲ್ಲಿ ಎಣಿಸುತ್ತಿದ್ದವರನ್ನು ಇನ್ನು ಮುಂದೆ ಎಣಿಸುವಂತಿಲ್ಲ. ಪಂಚಪಾಂಡವರ ಕಥೆ ಹೇಳುವ ಅಂಕಲ್‌ಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ‘ಇರೋನು ನಮ್ಮೋನು’ ಎಂದರು, ಅಷ್ಟೇ.

ಅದಕ್ಕೂ ಮೊದಲು, 2025ರ ಸೆಪ್ಟೆಂಬರ್‌ನಲ್ಲಿ, ಜಗಳವಾಡಲೂ ಏನೂ ಇರಲಿಲ್ಲ. ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದದ ಅವಧಿ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಮುಂದೇನು ಎಂದು ತೀರ್ಮಾನವಾಗದೆ ಜುಲೈನಲ್ಲೇ ಲೀಗ್ ತಡೆಯಾಗಿ ನಿಂತಿತು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ಬು ಮುಖ್ಯ ತಂಡದ ಸಂಬಳ ನಿಲ್ಲಿಸುತ್ತಿದ್ದೇವೆ ಎಂದು ಪ್ರಕಟಿಸಿತು. ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಮೋಹನ್ ಬಾಗನ್ನನ್ನು 3–0ಯಿಂದ ಹೊಡೆದಿದ್ದೆವು, ಚೆಟ್ರಿ ಐಎಸ್‌ಎಲ್‌ನ ಸಾರ್ವಕಾಲಿಕ ಅಗ್ರ ಗೋಲುಗಾರರಾದದ್ದು ಆ ರಾತ್ರಿಯೇ. ಈ ಸಲ ಕಸ್ತೂರಬಾ ರಸ್ತೆಯಲ್ಲಿ ಹೋಗುವಾಗ ಫ್ಲಡ್‌ಲೈಟ್ ಕಂಬಗಳು ಕತ್ತಲಲ್ಲಿ ನಿಂತಿದ್ದವು. ಯಾವ ವಿದೇಶಿ ಬರುತ್ತಾನೆ, ಯಾರು ಬೆಂಚಿಗೆ ಹೋಗುತ್ತಾರೆ ಎಂದು ಕಿತ್ತಾಡುವುದು ಎಷ್ಟು ದೊಡ್ಡ ಭಾಗ್ಯ ಎಂದು ಆಗ ಅರ್ಥವಾಯಿತು.

ಆ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಂಕಲ್ ಫೋನ್ ಮಾಡಿ ಆಸ್ಟಿನ್ ಟೌನ್ ಮೈದಾನಕ್ಕೆ ಬಾ ಎಂದರು. ಹತ್ತು ಹನ್ನೆರಡು ವರ್ಷದ ಮಕ್ಕಳ ಆಟ ನಡೆದಿತ್ತು. ಒಬ್ಬ ಹುಡುಗ ಗೋಲಿನ ಮುಂದೆ ಬಂದ ಸುಲಭದ ಚೆಂಡನ್ನು ಮೇಲಕ್ಕೆ ಹಾರಿಸಿದ, ಚೆಂಡು ಗೋಡೆಯಾಚೆ ರಸ್ತೆಗೆ ಬಿತ್ತು. ಉಳಿದವರು ನಕ್ಕರು. ಆಟ ಮುಗಿದು ಎಲ್ಲರೂ ಹೊರಟಾಗ ಅಂಕಲ್ ಆ ಹುಡುಗನನ್ನು ನಿಲ್ಲಿಸಿಕೊಂಡರು. ಮೊಣಕಾಲು ನೋವಿನವರು, ಆದರೂ ಬಲಬದಿಗೆ ನಡೆದುಹೋಗಿ ಅವನು ತಪ್ಪಿಸಿದ್ದ ಅದೇ ಎತ್ತರದ ಚೆಂಡನ್ನು ಅದೇ ಜಾಗಕ್ಕೆ ಎತ್ತಿ ಹಾಕತೊಡಗಿದರು. ‘ಹಿಂದಕ್ಕೆ ಬಾಗಬೇಡ. ಎದೆ ಚೆಂಡಿನ ಮೇಲೆ ಇರಲಿ.’ ಒಂದು ಹೊರಗೆ. ಎರಡು ಹೊರಗೆ. ಮೂರನೆಯದು ಕಂಬಕ್ಕೆ. ಪ್ರತಿ ಸಲವೂ ಹೊರಗೆ ಹೋದ ಚೆಂಡನ್ನು ತಂದುಕೊಡುವುದು ನನ್ನ ಕೆಲಸವಾಯಿತು. ಹನ್ನೊಂದನೆಯದು ನೆಲಕ್ಕೆ ಅಂಟಿಕೊಂಡು ಒಳಗೆ ಹೋಯಿತು. ಹುಡುಗ ಎರಡೂ ಕೈ ಮೇಲೆತ್ತಿ ನಮ್ಮ ಕಡೆ ತಿರುಗಿದ. ಅಂಕಲ್ ಆಗಲೇ ನನ್ನತ್ತ ಕೈ ಚಾಚಿದ್ದರು, ಹನ್ನೆರಡನೆಯದಕ್ಕೆ.